ಗಡಿ ದಾಟಿ ಮರಳಿ ಬರುವ ಸರಕಿಗೆ ಕಾರ್ನೆಟ್: ಹತ್ತು ಮುದ್ರೆಗಳ ಲೆಕ್ಕ

ಪ್ರಶ್ನೆ: ಯಂತ್ರಗಳ ಕಂಪನ ಅಳೆಯುವ ಉಪಕರಣಗಳನ್ನು ತಯಾರಿಸುವ ಸಣ್ಣ ಸಂಸ್ಥೆ ನಮ್ಮದು. ಜರ್ಮನಿಯ ಒಂದು ಮೇಳದಲ್ಲಿ ಮಳಿಗೆ ಹಾಕಲಿದ್ದೇವೆ. ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ಹೋಗಿ ಇಬ್ಬರು ಗ್ರಾಹಕರಿಗೆ ಉಪಕರಣ ಓಡಿಸಿ ತೋರಿಸಬೇಕು. ಮತ್ತೆ ಫ್ರಾನ್ಸಿಗೆ ಬಂದು, ಕೊನೆಗೆ ಬ್ರಿಟನ್ ಮುಗಿಸಿ ಊರಿಗೆ ವಾಪಸು. ಜೊತೆಯಲ್ಲಿ ಆರು ಉಪಕರಣ, ಎರಡು ಲ್ಯಾಪ್‌ಟಾಪ್, ಒಂದು ಡೆಮೊ ಮೋಟಾರ್, ಕೇಬಲ್‌ಗಳು, ಕರಪತ್ರ, ಹಂಚಲು ಪೆನ್ನುಗಳು. ಮಾರುವ ಉದ್ದೇಶವಿಲ್ಲ. ಪ್ರತಿ ಗಡಿಯಲ್ಲೂ ಸುಂಕ ಕಟ್ಟಬೇಕೇ? ಕಾರ್ನೆಟ್ ಮಾಡಿಸಿ ಎಂದು ಪರಿಚಿತರು ಹೇಳಿದರು. ಅದು ಹೇಗೆ ಕೆಲಸ ಮಾಡುತ್ತದೆ? ಮೇಳದಲ್ಲೇ ಯಾರಾದರೂ ಒಂದು ಉಪಕರಣ ಕೊಳ್ಳುತ್ತೇನೆಂದರೆ ಏನು ಮಾಡುವುದು?

ಉತ್ತರ: ಸುಂಕ ಕಟ್ಟಬೇಕಿಲ್ಲ. ನಿಮ್ಮ ಪರಿಚಿತರು ಹೇಳಿದ್ದು ಸರಿ. ಕಾರ್ನೆಟ್ ಎಂದರೆ ಮರಳಿ ತರುವ ಸರಕನ್ನು ಸುಂಕ ಕಟ್ಟದೆ ಒಯ್ಯಲು ಬಳಸುವ, ಪ್ರತಿ ಗಡಿಯಲ್ಲೂ ಕಸ್ಟಮ್ಸ್ ಮುದ್ರೆ ಬೀಳುವ ದಾಖಲೆ ಪುಸ್ತಕ. ನಿಮ್ಮ ದೇಶ ಕಾರ್ನೆಟ್ ಒಪ್ಪಂದದಲ್ಲಿದ್ದರೆ ಒಂದೇ ಪುಸ್ತಕದಲ್ಲಿ ಇಡೀ ಪ್ರವಾಸ ಮುಗಿಯುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹೆದರುವುದು ಒಳಗೆ ಹೋಗುವಾಗ. ಸಿಕ್ಕಿಬೀಳುವುದು ಮಾತ್ರ ಹೊರಗೆ ಬರುವಾಗ. ದೇಶದೊಳಗೆ ಬಿಡುವಾಗ ಅಧಿಕಾರಿಯೇ ನಿಮ್ಮನ್ನು ನಿಲ್ಲಿಸುತ್ತಾರೆ. ಹೊರಡುವಾಗ ಎಷ್ಟೋ ಕಡೆ ಯಾರೂ ನಿಲ್ಲಿಸುವುದಿಲ್ಲ, ನೀವಾಗಿಯೇ ಹುಡುಕಿಕೊಂಡು ಹೋಗಿ ಮುದ್ರೆ ಹಾಕಿಸಿಕೊಳ್ಳಬೇಕು. ಮುಂದೆ ನಾನು ಬರೆಯುವುದೆಲ್ಲ ಈ ಮುದ್ರೆಯ ಸುತ್ತಲೇ ತಿರುಗುತ್ತದೆ.

ಮೊದಲು ಕಾರ್ನೆಟ್ ಯಾಕೆ ಹುಟ್ಟಿತು ಎಂಬುದು ತಿಳಿದಿರಲಿ, ಆಗ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಬೇರೆ ದೇಶಕ್ಕೆ ಸರಕು ಒಯ್ದರೆ ಅದು ಆಮದು, ಆಮದಿಗೆ ಸುಂಕ. ವಾಪಸು ತರುತ್ತೇನೆ ಎಂದು ನೀವು ಹೇಳಬಹುದು. ಆದರೆ ಬರೀ ಬಾಯಿಮಾತನ್ನು ಯಾವ ಕಸ್ಟಮ್ಸ್ ಇಲಾಖೆಯೂ ನಂಬುವ ಹಾಗಿಲ್ಲ. ಹಿಂದೆ ಪ್ರತಿ ಗಡಿಯಲ್ಲೂ ಆ ದೇಶದ ಹಣದಲ್ಲಿ ಠೇವಣಿ ಇಟ್ಟು, ಆ ದೇಶದ ಫಾರಂ ತುಂಬಿ, ಹೊರಡುವಾಗ ಠೇವಣಿ ವಾಪಸು ಪಡೆಯಲು ಓಡಾಡಬೇಕಿತ್ತು. ಇದನ್ನು ಸರಳ ಮಾಡಲು 1956ರಲ್ಲಿ ವ್ಯಾಪಾರದ ಮಾದರಿಗಳಿಗಷ್ಟೇ ಅನ್ವಯಿಸುವ ಇಸಿಎಸ್ ಕಾರ್ನೆಟ್ ಬಂತು. ಅದನ್ನು ವಿಸ್ತರಿಸಿ 1961ರ ಡಿಸೆಂಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಎಟಿಎ ಕಾರ್ನೆಟ್ ಒಪ್ಪಂದವಾಯಿತು, 1963ರಲ್ಲಿ ಜಾರಿಗೆ ಬಂತು. 1990ರಲ್ಲಿ ಆದ ಇಸ್ತಾಂಬುಲ್ ಒಪ್ಪಂದ ತಾತ್ಕಾಲಿಕ ಆಮದಿನ ಹಲವು ಕಟ್ಟಳೆಗಳನ್ನು ಒಂದೇ ಕಡೆ ತಂದಿತು. ತಾತ್ಕಾಲಿಕ ಪ್ರವೇಶ ಎಂಬುದರ ಫ್ರೆಂಚ್ ಮತ್ತು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಬೆರೆಸಿದ ಹೆಸರೇ ಎಟಿಎ. ಇವತ್ತು ಸುಮಾರು 80 ದೇಶ ಮತ್ತು ಕಸ್ಟಮ್ಸ್ ಪ್ರದೇಶಗಳು ಇದನ್ನು ಒಪ್ಪುತ್ತವೆ. ನಿಮ್ಮ ಪಟ್ಟಿಯ ನಾಲ್ಕೂ ದೇಶಗಳು ಅದರಲ್ಲಿವೆ.

ಇದರ ಹಿಂದಿರುವುದು ಜಾಮೀನಿನ ಸರಪಳಿ. ಪ್ರತಿ ದೇಶದಲ್ಲೂ ಜಾಮೀನು ನಿಲ್ಲುವ ಒಂದು ಸಂಸ್ಥೆ ಇರುತ್ತದೆ. ಸಾಮಾನ್ಯವಾಗಿ ಅದು ವಾಣಿಜ್ಯ ಮಂಡಳಿ. ಭಾರತದಲ್ಲಿ ಫಿಕ್ಕಿ, ಜಪಾನಿನಲ್ಲಿ ಅಲ್ಲಿನ ವಾಣಿಜ್ಯ ಮಧ್ಯಸ್ಥಿಕೆ ಸಂಘ, ಅಮೆರಿಕದಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಮಂಡಳಿ, ಹೀಗೆ. ಇವುಗಳನ್ನೆಲ್ಲ ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಒಂದಕ್ಕೊಂದು ಕೂಡಿಸುತ್ತದೆ, ಒಪ್ಪಂದದ ಉಸ್ತುವಾರಿ ವಿಶ್ವ ಕಸ್ಟಮ್ಸ್ ಸಂಸ್ಥೆಯದು. ನಿಮ್ಮ ಮೋಟಾರ್ ಸ್ವಿಟ್ಜರ್ಲೆಂಡಿನಿಂದ ಹೊರಬಂದ ದಾಖಲೆ ಇಲ್ಲ ಎಂದಿಟ್ಟುಕೊಳ್ಳಿ. ಸ್ವಿಸ್ ಕಸ್ಟಮ್ಸ್ ತನ್ನ ದೇಶದ ಜಾಮೀನು ಸಂಸ್ಥೆಯನ್ನು ಕೇಳುತ್ತದೆ, ಅದು ನಿಮ್ಮ ದೇಶದ ಸಂಸ್ಥೆಯನ್ನು ಕೇಳುತ್ತದೆ, ಅದು ನಿಮ್ಮನ್ನು ಕೇಳುತ್ತದೆ. ಕಾರ್ನೆಟ್ ಕೊಡುವ ಮೊದಲು ನಿಮ್ಮಿಂದ ಬ್ಯಾಂಕ್ ಗ್ಯಾರಂಟಿಯನ್ನೋ ಠೇವಣಿಯನ್ನೋ ವಿಮಾ ಬಾಂಡನ್ನೋ ಪಡೆಯುವುದು ಇದಕ್ಕೇ. ಸಂಸ್ಥೆಯ ಹೊಣೆ ಆಮದು ಸುಂಕ ಮತ್ತು ತೆರಿಗೆಯ ಮೊತ್ತಕ್ಕಿಂತ ಶೇ. 10ಕ್ಕೂ ಹೆಚ್ಚು ಮೀರುವಂತಿಲ್ಲ ಎಂದು ಒಪ್ಪಂದದಲ್ಲೇ ಇದೆ. ನೀವು ಇಡಬೇಕಾದ ಭದ್ರತೆಯನ್ನು ಕಾರ್ನೆಟ್ ಕೊಡುವ ಸಂಸ್ಥೆ ನಿರ್ಧರಿಸುತ್ತದೆ. ಸರಕಿನ ಮೌಲ್ಯ, ನೀವು ಹೋಗುವ ದೇಶಗಳಲ್ಲಿ ಎಲ್ಲಿ ಸುಂಕ ಹೆಚ್ಚು ಎಂಬುದರ ಮೇಲೆ ಅದು ನಿಂತಿದೆ. ಅರ್ಜಿ ಹಾಕುವಾಗಲೇ ಎಲ್ಲ ದೇಶಗಳ ಹೆಸರು ಹೇಳಿ.

ಕಾರ್ನೆಟ್‌ಗೆ ಸಲ್ಲುವ ಸರಕು ಮುಖ್ಯವಾಗಿ ಮೂರು ಬಗೆ. ವ್ಯಾಪಾರದ ಮಾದರಿಗಳು, ವೃತ್ತಿಯ ಉಪಕರಣಗಳು, ಮೇಳ ಹಾಗೂ ಪ್ರದರ್ಶನಗಳ ವಸ್ತುಗಳು. ಕೆಲವು ದೇಶಗಳು ಈ ಮೂರರಲ್ಲಿ ಒಂದೆರಡನ್ನಷ್ಟೇ ಒಪ್ಪುತ್ತವೆ. ಚೀನಾ ಬಹುಕಾಲ ಮೇಳದ ಸರಕಿಗಷ್ಟೇ ಕಾರ್ನೆಟ್ ಒಪ್ಪುತ್ತಿತ್ತು, 2019ರಿಂದ ಮಾದರಿ ಮತ್ತು ವೃತ್ತಿ ಉಪಕರಣಗಳಿಗೂ ಬಾಗಿಲು ತೆರೆಯಿತು. ನಿಮ್ಮ ಉಪಕರಣ, ಮೋಟಾರ್, ಲ್ಯಾಪ್‌ಟಾಪ್‌ಗಳು ಸಲೀಸಾಗಿ ಸಲ್ಲುತ್ತವೆ. ಮೇಳಕ್ಕೂ ಗ್ರಾಹಕರ ಕಾರ್ಖಾನೆಯಲ್ಲಿ ತೋರಿಸುವುದಕ್ಕೂ ಒಂದೇ ಸರಕು ಬಳಸುವುದರಿಂದ ಅರ್ಜಿಯಲ್ಲಿ ಎರಡೂ ಉದ್ದೇಶಗಳನ್ನು ಬರೆಯಿರಿ.

ಪೆನ್ನು ಮತ್ತು ಕರಪತ್ರಗಳನ್ನು ಸೇರಿಸಬೇಡಿ. ಹಂಚುವುದು, ತಿನ್ನುವುದು, ಖರ್ಚಾಗುವುದು ಯಾವುದೂ ಮರಳಿ ಬರುವುದಿಲ್ಲ, ಹಾಗಾಗಿ ಕಾರ್ನೆಟ್‌ಗೆ ಸೇರುವುದಿಲ್ಲ. ಶುಚಿ ಮಾಡುವ ದ್ರವ, ಅಂಟುಪಟ್ಟಿ, ಬಿಸಾಡುವ ಬ್ಯಾಟರಿಗಳೂ ಹಾಗೆಯೇ. ಅವಕ್ಕೆ ಬೇರೆ ಇನ್‌ವಾಯ್ಸ್ ಮಾಡಿ, ಬೇರೆ ಪೆಟ್ಟಿಗೆಯಲ್ಲಿಡಿ. ಮೇಳದಲ್ಲಿ ಹಂಚುವ ಅಲ್ಪಬೆಲೆಯ ಪ್ರಚಾರ ಸಾಮಗ್ರಿಗೆ ಬಹಳಷ್ಟು ಕಡೆ ಪ್ರತ್ಯೇಕ ವಿನಾಯಿತಿ ಇದೆ. ದುರಸ್ತಿಗೋ ಸಂಸ್ಕರಣೆಗೋ ಕಳಿಸುವ ವಸ್ತುವಿಗೂ ಕಾರ್ನೆಟ್ ನಡೆಯುವುದಿಲ್ಲ, ಅದರ ದಾರಿಯೇ ಬೇರೆ.

ಇನ್ನು ಇಡೀ ಪುಸ್ತಕದ ಜೀವಾಳಕ್ಕೆ ಬರೋಣ. ಸರಕಿನ ಪಟ್ಟಿ, ಅಂದರೆ ಜನರಲ್ ಲಿಸ್ಟ್. ಇದಕ್ಕೆ ಅರ್ಧ ದಿನ ಕೊಡುವವರು ಗಡಿಯಲ್ಲಿ ನಿಶ್ಚಿಂತೆಯಿಂದ ನಿಲ್ಲುತ್ತಾರೆ. ಕ್ರಮಸಂಖ್ಯೆ, ವಿವರಣೆ, ಎಷ್ಟು ನಗ, ತೂಕ ಅಥವಾ ಪ್ರಮಾಣ, ಮೌಲ್ಯ, ತಯಾರಾದ ದೇಶ ಎಂಬ ಕಲಮುಗಳಿರುತ್ತವೆ. ವಿವರಣೆಯಲ್ಲಿ ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಮೂರೂ ಇರಲಿ. ‘ಕಂಪನ ಮಾಪಕ 6’ ಎಂದು ಒಂದೇ ಸಾಲಿನಲ್ಲಿ ಬರೆದರೆ ಆರರಲ್ಲಿ ಯಾವುದು ಎಲ್ಲಿದೆ ಎಂದು ತೋರಿಸಲು ಆಗುವುದಿಲ್ಲ. ಆರು ಸಾಲು ಮಾಡಿ. ನಾಳೆ ಎರಡು ಉಪಕರಣಗಳನ್ನಷ್ಟೇ ಸ್ವಿಟ್ಜರ್ಲೆಂಡಿಗೆ ಒಯ್ದು ನಾಲ್ಕನ್ನು ಜರ್ಮನಿಯಲ್ಲೇ ಬಿಡುವ ಸಂದರ್ಭ ಬಂದರೆ, ಆಗ ಕ್ರಮಸಂಖ್ಯೆ ನಮೂದಿಸಿ ಅವೆರಡನ್ನೇ ಹೊರಗೆ ತರಬಹುದು. ಕಾರ್ನೆಟ್‌ನಲ್ಲಿ ಹೀಗೆ ಭಾಗಶಃ ಸಾಗಿಸಲು ಅವಕಾಶವಿದೆ, ಆದರೆ ಪಟ್ಟಿ ಬಿಡಿಬಿಡಿಯಾಗಿದ್ದರೆ ಮಾತ್ರ.

ಕೇಬಲ್‌ಗಳಿಗೆ ಸೀರಿಯಲ್ ನಂಬರ್ ಇರುವುದಿಲ್ಲ. ನೀವೇ ಗುರುತು ಹಾಕಿ. ಅಳಿಸದ ಚೀಟಿ ಅಂಟಿಸಿ ಕೆ-1, ಕೆ-2 ಎಂದು ಬರೆದು ಅದನ್ನೇ ಪಟ್ಟಿಯಲ್ಲಿ ನಮೂದಿಸಿ, ಉದ್ದವನ್ನೂ ಬರೆಯಿರಿ. ಡೆಮೊ ಮೋಟಾರ್ ಕೂರಿಸುವ ಚೌಕಟ್ಟು, ಮತ್ತೆ ಮತ್ತೆ ಬಳಸುವ ಗಟ್ಟಿ ಪೆಟ್ಟಿಗೆಗಳೂ ಸರಕೇ. ಅವನ್ನು ಮರೆಯುವವರೇ ಹೆಚ್ಚು. ಎಲ್ಲದರ ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಪೆಟ್ಟಿಗೆಯ ತಳದಲ್ಲಿರುವ ಒಂದು ಉಪಕರಣ ನೋಡಲು ಅಧಿಕಾರಿ ಇಡೀ ಪೆಟ್ಟಿಗೆ ಬಿಚ್ಚಿಸುವ ಮೊದಲು ಆ ಫೋಟೋ ತೋರಿಸಿದರೆ ಬಹಳ ಸಲ ಕೆಲಸ ಸುಗಮವಾಗುತ್ತದೆ.

ಮೌಲ್ಯದ ಕಲಮಿನಲ್ಲಿ ಆ ವಸ್ತುವಿಗೆ ನಿಮ್ಮ ದೇಶದಲ್ಲಿ ಇರುವ ನಿಜವಾದ ವಾಣಿಜ್ಯ ಬೆಲೆ ಬರೆಯಬೇಕು. ಠೇವಣಿ ಕಡಿಮೆಯಾಗಲಿ ಎಂದು ಬೆಲೆ ತಗ್ಗಿಸಬೇಡಿ, ದಯವಿಟ್ಟು. ಮೇಳದ ಮಳಿಗೆಯಲ್ಲಿ ಅದೇ ಉಪಕರಣದ ದರಪಟ್ಟಿ ತೂಗುತ್ತಿರುತ್ತದೆ. ಎರಡನ್ನೂ ಹೋಲಿಸಿದ ಅಧಿಕಾರಿಗೆ ನೀವು ಕೊಡಬಹುದಾದ ಉತ್ತರ ಯಾವುದೂ ಇರುವುದಿಲ್ಲ.

ಒಮ್ಮೆ ಕಾರ್ನೆಟ್ ಹೊರಬಿದ್ದ ಮೇಲೆ ಪಟ್ಟಿಗೆ ಒಂದು ಸಾಲನ್ನೂ ಸೇರಿಸುವಂತಿಲ್ಲ. ಪಟ್ಟಿಯಲ್ಲಿದ್ದದ್ದನ್ನು ಒಯ್ಯದೆ ಬಿಡಬಹುದು, ಇಲ್ಲದ್ದನ್ನು ಒಯ್ಯಲಾಗದು. ಹಾಗಾಗಿ ಕೊನೆಯ ಗಳಿಗೆಯಲ್ಲಿ ಬೇಕಾಗಬಹುದೆಂದು ಅನುಮಾನವಿರುವ ಸೆನ್ಸರ್ ಅನ್ನು ಈಗಲೇ ಬರೆದುಬಿಡಿ. ಹೊರಡುವಾಗ ಅದನ್ನು ಬಿಟ್ಟರೆ, ಹೊರಟ ವಸ್ತುಗಳ ಕ್ರಮಸಂಖ್ಯೆಗಳನ್ನಷ್ಟೇ ರಫ್ತಿನ ಹಾಳೆಯಲ್ಲಿ ನಮೂದಿಸಲಾಗುತ್ತದೆ.

ಪುಸ್ತಕ ಕೈಗೆ ಬಂದಾಗ ಬಣ್ಣಗಳನ್ನು ನೋಡಿ. ಹಸಿರು ಹಾಳೆ ರಟ್ಟಿನಂತೆ ಮೇಲೆ ಕೆಳಗೆ ಇರುತ್ತದೆ. ಹಳದಿ ನಿಮ್ಮ ದೇಶದಿಂದ ಹೊರಡಲು ಮತ್ತು ಮರಳಲು. ಬಿಳಿ ಬೇರೆ ದೇಶದೊಳಗೆ ಹೋಗಲು ಮತ್ತು ಅಲ್ಲಿಂದ ಹೊರಬರಲು. ನೀಲಿ, ಒಂದು ದೇಶವನ್ನು ಸರಕು ಬಿಚ್ಚದೆ ಸುಮ್ಮನೆ ಹಾದುಹೋಗಲು. ಪ್ರತಿ ಹಂತಕ್ಕೂ ಎರಡು ತುಂಡುಗಳಿವೆ. ವೋಚರ್ ಎಂಬುದನ್ನು ಅಧಿಕಾರಿ ಹರಿದಿಟ್ಟುಕೊಳ್ಳುತ್ತಾರೆ, ಕೌಂಟರ್‌ಫಾಯಿಲ್ ಪುಸ್ತಕದಲ್ಲೇ ಉಳಿಯುತ್ತದೆ. ಅದರ ಮೇಲಿನ ಮುದ್ರೆಯೇ ನಿಮ್ಮ ಸಾಕ್ಷಿ.

ನಿಮ್ಮ ದಾರಿಯನ್ನು ಲೆಕ್ಕ ಹಾಕೋಣ. ಐರೋಪ್ಯ ಒಕ್ಕೂಟದ 27 ದೇಶಗಳು ಕಸ್ಟಮ್ಸ್ ಲೆಕ್ಕದಲ್ಲಿ ಒಂದೇ ಮನೆ. ಜರ್ಮನಿಯಿಂದ ಫ್ರಾನ್ಸಿಗೆ ನೇರ ಹೋದರೆ ಮುದ್ರೆ ಬೇಕಿಲ್ಲ. ಆದರೆ ನೀವು ನಡುವೆ ಸ್ವಿಟ್ಜರ್ಲೆಂಡಿಗೆ ಹೋಗುತ್ತೀರಿ, ಅದು ಒಕ್ಕೂಟದ ಹೊರಗೆ. ಆದ್ದರಿಂದ ಜರ್ಮನಿಯಲ್ಲಿ ಒಳಗೆ, ಸ್ವಿಸ್ ಗಡಿಯಲ್ಲಿ ಹೊರಗೆ, ಅದೇ ಗಡಿಯಲ್ಲಿ ಸ್ವಿಟ್ಜರ್ಲೆಂಡಿನ ಒಳಗೆ, ಮತ್ತೆ ಸ್ವಿಟ್ಜರ್ಲೆಂಡಿನ ಹೊರಗೆ, ಫ್ರಾನ್ಸಿನ ಮೂಲಕ ಒಕ್ಕೂಟಕ್ಕೆ ಎರಡನೇ ಸಲ ಒಳಗೆ, ಬ್ರಿಟನ್ನಿಗೆ ಹೊರಡುವಾಗ ಹೊರಗೆ, ಬ್ರಿಟನ್ನಿನ ಒಳಗೆ, ಹೊರಗೆ. ಎಂಟು ಬಿಳಿ ಮುದ್ರೆ. ಊರಿನ ಎರಡು ಹಳದಿ ಸೇರಿಸಿದರೆ ಹತ್ತು. 2021ರ ಆರಂಭದಿಂದ ಬ್ರಿಟನ್ ಐರೋಪ್ಯ ಕಸ್ಟಮ್ಸ್ ಒಕ್ಕೂಟದಿಂದ ಹೊರಗಿರುವುದರಿಂದ, ಹಳೆಯ ಅನುಭವದವರು ಬ್ರಿಟನ್ನಿಗೆ ಬೇರೆ ಹಾಳೆ ಬೇಡ ಎಂದರೆ ಕೇಳಬೇಡಿ. ನಾಲ್ಕು ಜೋಡಿ ಬಿಳಿ ಹಾಳೆ ಬೇಕೇ ಬೇಕು. ಒಂದು ಜೋಡಿ ಹೆಚ್ಚಿಗೆ ಹಾಕಿಸಿಕೊಳ್ಳಿ. ದಾರಿ ಬದಲಾಗುವುದು ಹೊಸದೇನಲ್ಲ.

ವಿದೇಶದ ಗಡಿಗಿಂತ ಮೊದಲು ಊರಿನಲ್ಲೇ ಒಂದು ಕೆಲಸವಿದೆ. ಹೊರಡುವ ಮುನ್ನ ನಿಮ್ಮ ದೇಶದ ಕಸ್ಟಮ್ಸ್ ಸರಕು ನೋಡಿ ಹಸಿರು ಮುಖಪುಟದಲ್ಲೂ ಹಳದಿ ಕೌಂಟರ್‌ಫಾಯಿಲ್‌ನಲ್ಲೂ ಮುದ್ರೆ ಹಾಕಬೇಕು. ಅದಿಲ್ಲದೆ ಪುಸ್ತಕಕ್ಕೆ ಜೀವ ಬರುವುದಿಲ್ಲ. ವಿಮಾನದಲ್ಲಿ ಜೊತೆಗೇ ಒಯ್ಯುವುದಾದರೆ ಚೆಕ್-ಇನ್‌ಗೆ ಸಾಮಾನು ಕೊಡುವ ಮೊದಲೇ ಕಸ್ಟಮ್ಸ್ ಕೌಂಟರಿಗೆ ಹೋಗಿ. ಪೆಟ್ಟಿಗೆ ಬೆಲ್ಟ್ ಮೇಲೆ ಹೋದ ಮೇಲೆ ಅಧಿಕಾರಿ ಏನನ್ನು ನೋಡಿ ಸಹಿ ಹಾಕಬೇಕು?

ಇಳಿದ ಕಡೆ ರೆಡ್ ಚಾನೆಲ್, ಅಂದರೆ ಘೋಷಿಸಲು ಸರಕಿದೆ ಎನ್ನುವವರ ದಾರಿ, ಹಿಡಿಯಿರಿ. ಹಸಿರು ದಾರಿಯಲ್ಲಿ ನಡೆದುಬಿಟ್ಟರೆ ಘೋಷಿಸಲು ಏನೂ ಇಲ್ಲ ಎಂದು ಹೇಳಿದಂತಾಗುತ್ತದೆ, ಜೇಬಿನಲ್ಲಿ ಕಾರ್ನೆಟ್ ಇದ್ದರೂ. ಅಧಿಕಾರಿ ಮುದ್ರೆ ಹಾಕಿ ಪುಸ್ತಕ ವಾಪಸು ಕೊಟ್ಟಾಗ ಅಲ್ಲೇ ನಿಂತು ಕೌಂಟರ್‌ಫಾಯಿಲ್ ಓದಿ. ಕ್ರಮಸಂಖ್ಯೆಗಳು ಸರಿಯಿವೆಯೇ, ಮುದ್ರೆ ತಿಳಿಯಾಗಿದೆಯೇ, ಸಹಿ ಇದೆಯೇ ನೋಡಿ. ಮುಖ್ಯವಾಗಿ, ಸರಕು ಹೊರಗೆ ಹೋಗಬೇಕಾದ ಕೊನೆಯ ದಿನಾಂಕ ಎಂಬ ಜಾಗದಲ್ಲಿ ಏನು ಬರೆದಿದ್ದಾರೆ ಎಂದು ನೋಡಿ. ಕಾರ್ನೆಟ್‌ಗೆ ಹೆಚ್ಚೆಂದರೆ ಒಂದು ವರ್ಷದ ಆಯುಷ್ಯ. ಆದರೆ ಆ ದೇಶದ ಅಧಿಕಾರಿ ಅದಕ್ಕಿಂತ ಕಡಿಮೆ ಅವಧಿ ಕೊಡಬಹುದು, ಮೇಳ ಮುಗಿದ ಕೆಲವು ವಾರಗಳಿಗೇ ಗಡುವು ಹಾಕಬಹುದು. ಪುಸ್ತಕದ ಮುಖಪುಟದ ದಿನಾಂಕವನ್ನೇ ನಂಬಿ ಕೂತು ಈ ಚಿಕ್ಕ ಗಡುವನ್ನು ದಾಟಿದವರನ್ನು ನಾನು ಕಂಡಿದ್ದೇನೆ. ಹೆಚ್ಚು ದಿನ ಬೇಕಿದ್ದರೆ ಮುದ್ರೆ ಬೀಳುವ ಮೊದಲೇ ಕೇಳಬೇಕು.

ಸ್ವಿಸ್ ಗಡಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಸ್ವಿಟ್ಜರ್ಲೆಂಡ್ ಷೆಂಗೆನ್ ವ್ಯವಸ್ಥೆಯಲ್ಲಿ ಇರುವುದರಿಂದ ಪಾಸ್‌ಪೋರ್ಟ್ ಕೇಳದೆಯೇ ಕಾರು ಗಡಿ ದಾಟಿಬಿಡುತ್ತದೆ. ಯಾರೂ ನಿಲ್ಲಿಸಲಿಲ್ಲ ಎಂದರೆ ಎಲ್ಲವೂ ಸರಿ ಎಂದುಕೊಳ್ಳುತ್ತೇವೆ. ನನ್ನ ಸಲಹೆ ಕೇಳುತ್ತಿದ್ದ ಒಂದು ಸಂಸ್ಥೆಗೆ ಹೀಗೇ ಆಯಿತು. ಅವರ ತಂತ್ರಜ್ಞರು ರಾತ್ರಿ ಹೊತ್ತು ಒಂದು ಚಿಕ್ಕ ಗಡಿದಾರಿಯಲ್ಲಿ ಹೊರಬಂದರು. ಸರಕು ನೋಡುವ ಕಚೇರಿ ಆ ಹೊತ್ತಿಗೆ ಮುಚ್ಚಿತ್ತು, ಕಾರು ನಿಲ್ಲಲೇ ಇಲ್ಲ. ಸರಕೆಲ್ಲ ಸುರಕ್ಷಿತವಾಗಿ ಊರಿಗೆ ಬಂತು. ಒಂದು ವರ್ಷ ಕಳೆದ ಮೇಲೆ, ಎಲ್ಲರೂ ಮರೆತಿದ್ದಾಗ, ಸುಂಕ ಕಟ್ಟಿ ಎಂಬ ಕ್ಲೇಮ್ ಬಂತು. ಅವರ ಕಡೆ ತಪ್ಪಿದ್ದದ್ದು ಒಂದೇ ಮುದ್ರೆ. ಪುಣ್ಯಕ್ಕೆ ಊರಿನ ಮರುಆಮದಿನ ಹಳದಿ ಮುದ್ರೆಯನ್ನು ತಪ್ಪದೆ ಹಾಕಿಸಿದ್ದರು. ಅದನ್ನೇ ಸಾಕ್ಷಿಯಾಗಿ ಕೊಟ್ಟೆವು, ಒಪ್ಪಿದರು. ಸರಿಪಡಿಸುವ ಶುಲ್ಕ ಎಂದು ಒಂದಿಷ್ಟು ಹಣ ಕಟ್ಟಬೇಕಾಯಿತು, ತಿಂಗಳುಗಟ್ಟಲೆ ಪತ್ರ ವ್ಯವಹಾರವೂ ಆಯಿತು. ಆ ದಿನಗಳಲ್ಲಿ ಆ ಸಂಸ್ಥೆಯ ಮಾಲೀಕರ ಮುಖದಲ್ಲಿದ್ದ ಆತಂಕ ನನಗೆ ಇನ್ನೂ ನೆನಪಿದೆ, ಏಕೆಂದರೆ ಸಣ್ಣ ಸಂಸ್ಥೆಗೆ ಬ್ಯಾಂಕಿನಲ್ಲಿ ಸಿಲುಕಿದ ಹಣ ಎಂದರೆ ಆ ತಿಂಗಳ ಸಂಬಳ. ದೊಡ್ಡ ಗಡಿಕಚೇರಿಯನ್ನೇ ಆರಿಸಿ, ಅದರ ಕೆಲಸದ ಸಮಯ ಮೊದಲೇ ತಿಳಿದುಕೊಳ್ಳಿ, ಭಾನುವಾರ ದಾಟುವ ಯೋಚನೆ ಬಿಡಿ.

ಇಂಥ ಕ್ಲೇಮ್‌ಗೂ ಕಾಲಮಿತಿ ಇದೆ. ಕಾರ್ನೆಟ್ ಅವಧಿ ಮುಗಿದ ಒಂದು ವರ್ಷದೊಳಗೆ ಕಸ್ಟಮ್ಸ್ ಹಣ ಕೇಳಬೇಕು. ಕೇಳಿದ ದಿನದಿಂದ ಆರು ತಿಂಗಳೊಳಗೆ ಸರಕು ಹೊರಗೆ ಹೋದದ್ದಕ್ಕೆ ಸಾಕ್ಷಿ ಕೊಡಬೇಕು. ಕೊಡದಿದ್ದರೆ ಜಾಮೀನು ಸಂಸ್ಥೆ ಹಣ ಕಟ್ಟುತ್ತದೆ. ಕಟ್ಟಿದ ಮೇಲೂ ಸಾಕ್ಷಿ ಸಿಕ್ಕಿದರೆ ವಾಪಸು ಕೇಳಲು ಇನ್ನು ಮೂರು ತಿಂಗಳಿದೆ. ಬೇರೆ ದೇಶದ ಕಸ್ಟಮ್ಸ್ ಹಾಕಿದ ಒಳಬಂದ ಮುದ್ರೆ ಒಳ್ಳೆಯ ಸಾಕ್ಷಿ. ನಿಮ್ಮ ಪ್ರವಾಸದಲ್ಲಿ ಸ್ವಿಟ್ಜರ್ಲೆಂಡಿನಿಂದ ಹೊರಬಂದ ಮುದ್ರೆ ತಪ್ಪಿದರೂ ಫ್ರಾನ್ಸಿನ ಒಳಮುದ್ರೆ ನಿಮ್ಮ ಕೈಹಿಡಿಯಬಹುದು. ಎರಡೂ ತಪ್ಪಿದರೆ ಕಷ್ಟ. ಸರಕು ಕಳವಾದರೆ ತಕ್ಷಣ ಪೊಲೀಸ್ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಆದರೆ ಕಳವಾಯಿತೆಂದ ಮಾತ್ರಕ್ಕೆ ಸುಂಕ ತಪ್ಪುತ್ತದೆ ಎಂದು ಭಾವಿಸಬೇಡಿ, ಕದ್ದ ಮಾಲು ಆ ದೇಶದೊಳಗೇ ಉಳಿದಿದೆ ಎಂಬುದೇ ಅವರ ವಾದ.

ಪುಸ್ತಕ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಒಯ್ಯುವ ನೌಕರರ ಹೆಸರುಗಳನ್ನು ಪ್ರತಿನಿಧಿಗಳೆಂದು ನಮೂದಿಸಿ, ಅಧಿಕಾರಪತ್ರವನ್ನೂ ಕೊಟ್ಟಿರಿ. ಮೋಟಾರನ್ನು ಕಾರ್ಗೋದಲ್ಲಿ ಕಳಿಸುವುದಾದರೆ ಪುಸ್ತಕವೂ ಅದರ ಜೊತೆ ಹೋಗಬೇಕಾಗುತ್ತದೆ, ಆಗ ಉಪಕರಣಗಳನ್ನು ಕೈಯಲ್ಲಿ ಒಯ್ಯುವವರ ಬಳಿ ಪುಸ್ತಕ ಇರುವುದಿಲ್ಲ. ಒಂದೇ ಪುಸ್ತಕ ಎರಡು ಕಡೆ ಇರಲಾರದು. ಹೀಗಿದ್ದಾಗ ಎರಡು ಕಾರ್ನೆಟ್ ಮಾಡಿಸುವುದೇ ವಾಸಿ, ಖರ್ಚು ಸ್ವಲ್ಪ ಹೆಚ್ಚಾದರೂ. ಕೊರಿಯರ್ ಕಂಪನಿಗಳಲ್ಲಿ ಕಾರ್ನೆಟ್ ಸರಕು ಮುಟ್ಟದವರೂ ಇದ್ದಾರೆ, ಬುಕ್ ಮಾಡುವ ಮೊದಲು ಕೇಳಿ.

ಕಾರ್ನೆಟ್ ಸುಂಕದ ಪ್ರಶ್ನೆಯನ್ನು ಮಾತ್ರ ಬಗೆಹರಿಸುತ್ತದೆ. ಲೈಸೆನ್ಸ್ ಬೇಕಾದ ವಸ್ತುವಿಗೆ ಲೈಸೆನ್ಸ್ ಬೇಕೇ ಬೇಕು. ಇದನ್ನು ನಿಮಗೆ ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಂಪನ ಅಳೆಯುವ ಸೆನ್ಸರ್‌ಗಳಲ್ಲಿ ಕೆಲವು, ಅದರಲ್ಲೂ ಬಹಳ ನಿಖರವಾದ ಆಕ್ಸೆಲೆರೋಮೀಟರ್‌ಗಳು, ನಾಗರಿಕ ಮತ್ತು ಸೈನಿಕ ಬಳಕೆ ಎರಡಕ್ಕೂ ಒದಗುವ ವಸ್ತುಗಳ ಪಟ್ಟಿಯಲ್ಲಿವೆ. ನಿಮ್ಮದು ಆ ಮಟ್ಟದ್ದೋ ಅಲ್ಲವೋ ಎಂದು ತಾಂತ್ರಿಕ ವಿವರ ಹಿಡಿದು ಪರೀಕ್ಷಿಸಿ, ಬೇಕಿದ್ದರೆ ರಫ್ತು ಪರವಾನಗಿ ಪಡೆಯಿರಿ. ಲಿಥಿಯಂ ಬ್ಯಾಟರಿ ಇದ್ದರೆ ವಿಮಾನದ ನಿಯಮ ಬೇರೆ. ಸಂಗೀತಗಾರರು ಆನೆದಂತವಿರುವ ವಾದ್ಯಕ್ಕೆ ಕಾರ್ನೆಟ್ ಜೊತೆ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪತ್ರವನ್ನೂ ಒಯ್ಯಬೇಕಾಗುವುದು ಇದೇ ಕಾರಣಕ್ಕೆ.

ಹೆಸರಿನ ಗೊಂದಲವೊಂದಿದೆ. ಟಿಐಆರ್ ಕಾರ್ನೆಟ್ ಲಾರಿಗಳಲ್ಲಿ ಸೀಲ್ ಮಾಡಿ ಸಾಗಿಸುವ ಸರಕಿಗೆ, ಸಿಪಿಡಿ ಕಾರ್ನೆಟ್ ವಾಹನಗಳಿಗೆ. ನಿಮಗೆ ಎರಡೂ ಬೇಡ. ಮುಂದೆ ಎಂದಾದರೂ ಎಟಿಎ ಒಪ್ಪದ ದೇಶಕ್ಕೆ ಹೋಗುವುದಾದರೆ ಅಲ್ಲಿನ ತಾತ್ಕಾಲಿಕ ಆಮದಿನ ಪದ್ಧತಿಯಲ್ಲಿ, ಅಲ್ಲಿಯೇ ಠೇವಣಿ ಅಥವಾ ಬಾಂಡ್ ಇಟ್ಟು, ಸ್ಥಳೀಯ ಕಸ್ಟಮ್ಸ್ ಏಜೆಂಟರ ಮೂಲಕ ಹೋಗಬೇಕು. ಕಾಗದದ ಬದಲು ಡಿಜಿಟಲ್ ಕಾರ್ನೆಟ್ ತರುವ ಪ್ರಯೋಗ 2019ರಿಂದ ನಡೆದಿದೆ. ನಿಮ್ಮ ಪ್ರವಾಸದ ಹೊತ್ತಿಗೆ ಯಾವ ಗಡಿಯಲ್ಲಿ ಯಾವುದು ನಡೆಯುತ್ತದೆ ಎಂಬುದನ್ನು ಕಾರ್ನೆಟ್ ಕೊಡುವ ಸಂಸ್ಥೆಯನ್ನೇ ಕೇಳಿಕೊಳ್ಳಿ.

ಇನ್ನು ಮಾರಾಟದ ಪ್ರಶ್ನೆ. ಮೇಳದಲ್ಲಿ ಒಬ್ಬರು ನಿಮ್ಮ ಉಪಕರಣ ನೋಡಿ ಇದನ್ನೇ ಕೊಡಿ ಎಂದರೆ ಆಗುವ ಸಂತೋಷ ನನಗೆ ಗೊತ್ತು. ಆದರೂ ಅಲ್ಲೇ ಕೈಗೆ ಕೊಡಬೇಡಿ. ಆರ್ಡರ್ ಬರೆದುಕೊಳ್ಳಿ, ಮುಂಗಡ ಪಡೆಯಿರಿ, ಪ್ರದರ್ಶನದ ಉಪಕರಣವನ್ನು ವಾಪಸು ತನ್ನಿ, ಹೊಸದೊಂದನ್ನು ಮಾಮೂಲಿ ರಫ್ತಾಗಿ ಕಳಿಸಿ. ಅಷ್ಟು ದಿನ ಕಾಯಲಾರೆ ಎನ್ನುವ ಗ್ರಾಹಕರಾದರೆ, ಕೊಡುವ ಮೊದಲು ಆ ದೇಶದ ಕಸ್ಟಮ್ಸ್‌ಗೆ ಹೋಗಿ ಅದೊಂದು ವಸ್ತುವನ್ನು ಖಾಯಂ ಆಮದಾಗಿ ಬದಲಿಸಿಕೊಡಿ ಎಂದು ಕೇಳಬೇಕು. ಒಪ್ಪಿದರೆ ಸುಂಕ, ತೆರಿಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ನಂತರ ಹೊರಬರುವಾಗ ಬಿಳಿ ಕೌಂಟರ್‌ಫಾಯಿಲ್‌ನಲ್ಲಿ, ಮರಳದ ಸರಕಿನ ಬಗ್ಗೆ ಕೈಗೊಂಡ ಕ್ರಮ ಎಂಬ ಜಾಗದಲ್ಲಿ ಅಧಿಕಾರಿಯಿಂದ ಆ ಕ್ರಮಸಂಖ್ಯೆಯನ್ನು ಬರೆಸಿ. ಆರರಲ್ಲಿ ಐದೇ ಹೊರಗೆ ಬಂದದ್ದು ಯಾಕೆ ಎಂಬುದಕ್ಕೆ ಆ ಒಂದು ಸಾಲು ಉತ್ತರ. ಹೇಳದೆ ಮಾರಿ ಬಂದರೆ ಸುಂಕದ ಜೊತೆ ದಂಡವೂ ಬರುತ್ತದೆ, ಕಾರ್ನೆಟ್ ಕೊಟ್ಟ ಸಂಸ್ಥೆಯ ಮುಂದೆ ನಿಮ್ಮ ಹೆಸರೂ ಕೆಡುತ್ತದೆ.

ಊರಿಗೆ ಇಳಿದಾಗ ದಣಿದಿರುತ್ತೀರಿ. ಆದರೂ ಹತ್ತನೇ ಮುದ್ರೆ, ಹಳದಿಯದು, ಹಾಕಿಸದೆ ವಿಮಾನ ನಿಲ್ದಾಣ ಬಿಡಬೇಡಿ. ಆಮೇಲೆ ಪುಸ್ತಕದ ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡು ಮೂಲ ಪುಸ್ತಕವನ್ನು ಕೊಟ್ಟ ಸಂಸ್ಥೆಗೆ ಹಿಂತಿರುಗಿಸಿ, ಬಳಸದ ಹಾಳೆಗಳಿದ್ದರೆ ಅವನ್ನೂ ಸೇರಿಸಿ. ಅವರು ಮುದ್ರೆಗಳನ್ನು ಒಂದೊಂದಾಗಿ ತಾಳೆ ನೋಡಿದ ಮೇಲೆ ಬ್ಯಾಂಕ್ ಗ್ಯಾರಂಟಿ ಬಿಡುತ್ತಾರೆ. ಯಾವುದಾದರೂ ಮುದ್ರೆ ತಪ್ಪಿದ್ದರೆ ಕ್ಲೇಮ್‌ನ ಅವಧಿ ಮುಗಿಯುವವರೆಗೂ ಅದನ್ನು ಹಿಡಿದಿಡಬಹುದು. ಆದ್ದರಿಂದ ಬ್ಯಾಂಕಿನಲ್ಲಿ ಗ್ಯಾರಂಟಿ ಮಾಡಿಸುವಾಗ ಅದರ ಅವಧಿಯನ್ನು ಪ್ರವಾಸದ ದಿನಗಳಿಗಲ್ಲ, ಕಾರ್ನೆಟ್ ಕೊಡುವ ಸಂಸ್ಥೆ ಹೇಳುವ ತಿಂಗಳುಗಳಿಗೆ ಇಡಿ.